ಮೈಸೂರಿನ ರೈಲು ನಿಲ್ದಾಣ



ದಸರೆಯ ದಿನಗಳಲ್ಲಿ ಮೈಸೂರಿನ ರೈಲು ನಿಲ್ದಾಣವನ್ನು ಕಂಡವರಿಗೆ ಅದು ಸಂಭ್ರಮದ ಹೆಬ್ಬಾಗಿಲೆಂದೇ ತೋರುವುದು. ಬಂಡಿಯು ನಿಂತೊಡನೆ ಜನಪ್ರವಾಹವು ಗಂಟುಮೂಟೆಗಳೊಡನೆ ಇಳಿದು ನಗರವನ್ನು ತುಂಬುವುದು. ಆದರೆ ಈ ಹೆಬ್ಬಾಗಿಲಿನ ಮೂಲವು ಸಂಭ್ರಮದಲ್ಲಿಲ್ಲ, ಕ್ಷಾಮದಲ್ಲಿದೆ. ಆ ಸಂಗತಿಯನ್ನು ತಮ್ಮೊಡನೆ ನೆನೆಯುವುದೇ ಈ ಹೊತ್ತಿನ ನಮ್ಮ ಉದ್ದೇಶವಾಗಿದೆ.

೧೮೬೪ರಲ್ಲಿ ಮದರಾಸಿನ ಕಡೆಯಿಂದ ಬಂದ ಕಬ್ಬಿಣದ ಹಾದಿಯು ಬೆಂಗಳೂರಿನ ದಂಡುಪ್ರದೇಶದಲ್ಲಿಯೇ ನಿಂತಿತು. ಅಲ್ಲಿಂದ ಮೈಸೂರಿನತ್ತ ಬರುವವರಿಗೆ ಎತ್ತಿನ ಗಾಡಿಯೇ ಗತಿಯಾಗಿದ್ದಿತು. ಈ ಕೊರತೆಯ ಫಲವು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಘೋರವಾಗಿ ಪ್ರಕಟವಾಯಿತು. ಹೊರನಾಡಿನ ಧಾನ್ಯವು ರೈಲಿನಲ್ಲಿ ಬೆಂಗಳೂರನ್ನು ಮುಟ್ಟಿದರೂ, ಅದನ್ನು ಒಳನಾಡಿಗೆ ಎಳೆಯಬೇಕಾದ ಎತ್ತುಗಳು ಮೇವುನೀರುಗಳಿಲ್ಲದೆ ಸಾಯುತ್ತಿದ್ದುವು. ಒಂದೆಡೆಯಲ್ಲಿ ಅನ್ನವಿದ್ದು, ಮತ್ತೊಂದೆಡೆಯಲ್ಲಿ ಹಸಿವಿದ್ದು, ಇವೆರಡರ ನಡುವೆ ಹಾದಿಯಿರಲಿಲ್ಲ. ಸಂಸ್ಥಾನದಲ್ಲಿ ಲಕ್ಷಾಂತರ ಜನರು ಅಳಿದರು.

ಆ ಕ್ಷಾಮದ ಪರಿಹಾರಕ್ಕಾಗಿ ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು-ಮೈಸೂರು ರೈಲುಹಾದಿಯೂ ಒಂದು. ಹಸಿದವರು ಮಣ್ಣು ಹೊತ್ತರು; ಕೂಲಿಯಿಂದ ಜೀವ ಹಿಡಿದರು. ಅನ್ನವು ತಮ್ಮೂರಿಗೆ ಬಾರದಿದ್ದ ಜನರೇ ಅನ್ನವು ಬರತಕ್ಕ ಹಾದಿಯನ್ನು ಮುಂದಿನವರಿಗಾಗಿ ಕಟ್ಟಿದರೆಂದರೆ ಅತಿಶಯೋಕ್ತಿಯಲ್ಲ. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಸಂದು, ರಂಗಾಚಾರ್ಲು ಅವರು ದಿವಾನರಾದರು. ಮರುವರ್ಷ, ಎಂದರೆ ೧೮೮೨ರಲ್ಲಿ, ಸುಮಾರು ೮೬ ಮೈಲಿಗಳ ಈ ಮೀಟರ್ ಗೇಜ್ ಹಾದಿಯು ಮೈಸೂರನ್ನು ಸೇರಿತು.

ಬಳಿಕ ಹಾದಿಯು ಕವಲೊಡೆಯಿತು. ೧೮೯೧ರಲ್ಲಿ ನಂಜನಗೂಡಿಗೂ, ೧೯೧೮ರಲ್ಲಿ ಹಾಸನದ ಮಾರ್ಗವಾಗಿ ಅರಸೀಕೆರೆಗೂ, ೧೯೨೬ರಲ್ಲಿ ಚಾಮರಾಜನಗರಕ್ಕೂ ಬಂಡಿಗಳು ಹೋಗುವಂತಾಗಿ, ಮೈಸೂರು ಮೂರು ಹಾದಿಗಳ ಸಂಗಮವಾಯಿತು. ೧೮೮೬ರಲ್ಲಿ ಸದರನ್ ಮರಾಠಾ ಕಂಪೆನಿಗೆ ವಹಿಸಿದ್ದ ಆಡಳಿತವನ್ನು ೧೯೧೯ರಲ್ಲಿ ಸಂಸ್ಥಾನವು ತಾನೇ ಕೈಗೆ ತೆಗೆದುಕೊಂಡಿತು. ೧೯೫೧ರಲ್ಲಿ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಸೇರಿತು. ೨೦೦೩ರಿಂದ ಈ ನಿಲ್ದಾಣವು ನೈಋತ್ಯ ರೈಲ್ವೆಗೆ ಸೇರಿದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ಉಗಿಯಂತ್ರವು ಮರೆಯಾಗಿ ವಿದ್ಯುತ್ತು ಬಂದಿತು. ೨೦೨೨ರಲ್ಲಿ ಚೆನ್ನೈಗೂ ಮೈಸೂರಿಗೂ ನಡುವೆ ವಂದೇ ಭಾರತ್ ಎಂಬ ವೇಗದ ಬಂಡಿಯು ಸಂಚರಿಸತೊಡಗಿತು.

ನಿಲ್ದಾಣದ ಸಮೀಪದಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರಿಗಾಗಿ ೧೮೯೯ರಲ್ಲಿ ನಿರ್ಮಿತವಾದ ಸಲೂನ್ ಗಾಡಿಯನ್ನು ನಾವು ಅಲ್ಲಿ ವಿಸ್ಮಯದಿಂದ ನೋಡುವೆವು. ನೋಡತಕ್ಕದ್ದೇ ಸರಿ. ಆದರೆ ಅದರೊಡನೆ, ಹಾದಿಗೆ ಮಣ್ಣು ಹೊತ್ತ ಬಿದಿರಿನ ಮಂಕರಿಯನ್ನೂ ಮನಸ್ಸಿನಲ್ಲಿ ಇಟ್ಟು ನೋಡಬೇಕು. ಸಲೂನು ಉಳಿದಿದೆ, ಮಂಕರಿ ಹೊತ್ತವರ ಹೆಸರುಗಳನ್ನು ನಾವು ಅರಿಯೆವು.

ಅವರ ಋಣವನ್ನು ತೀರಿಸುವ ಬಗೆ ಯಾವುದು? ನಿಲ್ದಾಣದ ಸೇವೆಯನ್ನು ಬಂಡಿಯ ವೇಗದಿಂದಲೂ ಕಟ್ಟಡದ ಅಂದದಿಂದಲೂ ಮಾತ್ರ ಅಳೆಯಬಾರದು. ಆಸ್ಪತ್ರೆಗೆಂದು ಹಳ್ಳಿಯಿಂದ ಬಂದ ಮುದುಕಿಗೆ ಕುಳಿತುಕೊಳ್ಳಲು ನೆರಳುಂಟೇ? ಓದು ಬಾರದವನು ತನ್ನ ಬಂಡಿ ಎಲ್ಲಿ ನಿಲ್ಲುವುದೆಂದು ಕೇಳಿದರೆ ಆದರದ ಉತ್ತರವುಂಟೇ? ಕಾದಿರಿಸದ ಗಾಡಿಯಲ್ಲಿ ಪಯಣಿಸುವವನಿಗೆ ಕುಡಿಯುವ ನೀರುಂಟೇ? ಹಸಿದವರು ಕಟ್ಟಿದ ಹಾದಿಯ ಕೊನೆಯಲ್ಲಿರುವ ನಿಲ್ದಾಣಕ್ಕೆ ಇವೇ ತಕ್ಕ ಅಳತೆಗೋಲುಗಳೆಂದು ನಾವು ನಂಬುವೆವು.

ಮುಂದೆ ತಾವು ಬೆಂಗಳೂರಿನಿಂದ ಮೈಸೂರಿಗೆ ಬರುವಾಗ, ಬಂಡಿಯು ಮಣ್ಣಿನ ಏರಿಯ ಮೇಲೆ ಸಾಗುವೆಡೆಯಲ್ಲಿ ಕ್ಷಣಕಾಲ ಕಿಟಕಿಯಿಂದ ಕೆಳಗೆ ನೋಡಬೇಕೆಂದು ಬೇಡಿ, ವಿರಮಿಸುವೆವು.