ಸಂಘದ ಗದ್ದುಗೆಗೆ ಮುನ್ನ

(ಹಲಸೂರಿನಲ್ಲಿ ಕಿರಿಯ ವಕೀಲರ ಕೂಟವೊಂದರಲ್ಲಿ ಮಾಡಿದ ಭಾಷಣ)



ವಕೀಲರ ಸಂಘದ ನಾಯಕತ್ವವನ್ನು ವಹಿಸಲು ಬಯಸುವವರು ಅದಕ್ಕಾಗಿ ಯಾವ ಬಗೆಯ ಸಿದ್ಧತೆಯನ್ನು ಮಾಡಿಕೊಳ್ಳಬೇಕೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಕಾಗದಪತ್ರಗಳನ್ನು ಓದದೆಯೇ ನ್ಯಾಯಾಧೀಶರ ಮುಂದೆ ನಿಲ್ಲುವ ವಕೀಲನನ್ನು ಕಂಡು ನಾವು ನಗುತ್ತೇವೆ. ಆದರೆ ಸಾವಿರಾರು ಮಂದಿಯ ಸಂಘದ ಭಾರವನ್ನು ಹೊರಲು ಹೊರಟವನು ಭಿತ್ತಿಪತ್ರ, ಔತಣ, ಜಾತಿಯ ಲೆಕ್ಕ, ಇಷ್ಟನ್ನೇ ಸಿದ್ಧತೆಯೆಂದು ಭಾವಿಸಿದರೆ ನಮಗೆ ಆಶ್ಚರ್ಯವೇ ಆಗುವುದಿಲ್ಲ. ಇದು ವಿಷಾದದ ಸಂಗತಿಯಲ್ಲವೇ?

ಮೊದಲನೆಯ ಸಿದ್ಧತೆ, ತನ್ನವರು ಯಾರೆಂಬುದನ್ನು ಅರಿಯುವುದು. ನಾವು ಕುಳಿತಿರುವ ಸ್ಥಳಕ್ಕೆ ಮೇಯೋ ಹಾಲ್ ಸಮೀಪದಲ್ಲಿಯೇ ಇದೆ. 1947ನೆಯ ಇಸವಿ ಜುಲೈ 26ರಂದು ದಂಡುಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳುವವರೆಗೆ ಪೇಟೆಯ ಆಡಳಿತ ಬೇರೆ, ದಂಡಿನ ಆಡಳಿತ ಬೇರೆಯಾಗಿದ್ದವು. 1949ರಲ್ಲಿ ಎರಡರ ಪೌರಸಭೆಗಳೂ ಒಂದಾದುವು. ಅದಾಗಿ ಮುಕ್ಕಾಲು ಶತಮಾನವೇ ಕಳೆದರೂ, ಮೇಯೋ ಹಾಲಿನ ವಕೀಲನು ಕೆಂಪೇಗೌಡ ರಸ್ತೆಯ ವಕೀಲನನ್ನು ‘ಆ ಕಡೆಯವರು’ ಎಂದು ಕರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಲ್ಲಿಗೆ ಬರುವ ಕಕ್ಷಿಗಾರರಾದರೂ ಎಂಥವರು? ಶಿವಾಜಿನಗರದ ವ್ಯಾಪಾರಿ ಉರ್ದುವಿನಲ್ಲಿ ದುಃಖ ತೋಡಿಕೊಳ್ಳುತ್ತಾನೆ. ಹಲಸೂರಿನ ಬಾಡಿಗೆದಾರ ತಮಿಳಿನಲ್ಲಿ. ಕೃಷ್ಣರಾಜಪುರದ ಜಮೀನುದಾರ ಕನ್ನಡದಲ್ಲಿ. ಇವರೆಲ್ಲರ ನಡುವೆ ಹಗಲೆಲ್ಲ ಓಡಾಡುವ ಕಿರಿಯ ವಕೀಲನಿಗೆ ಕುಳಿತುಕೊಳ್ಳಲು ಕುರ್ಚಿಯಿದೆಯೇ, ಮಹಿಳಾ ವಕೀಲರಿಗೆ ಶುಚಿಯಾದ ಕೊಠಡಿಯಿದೆಯೇ, ಕುಡಿಯಲು ನೀರಿದೆಯೇ ಎಂಬುದನ್ನು ಚುನಾವಣೆಯ ವಾರದಲ್ಲಿ ಕೈಮುಗಿಯುತ್ತ ಬರುವವನು ಅರಿಯಲಾರನು. ಆದುದರಿಂದ ಅಧ್ಯಕ್ಷನಾಗಬೇಕೆಂಬವನು ಒಂದು ವರ್ಷ ಮೊದಲೇ ನಗರದ ಪ್ರತಿಯೊಂದು ನ್ಯಾಯಾಲಯಕ್ಕೂ ಮತ ಕೇಳದೆ ಹೋಗಿಬರಲಿ.

ಎರಡನೆಯದು ಶಾಸನದ ಅರಿವು. ನಮ್ಮ ಬಗೆಯ ಸಂಘಗಳಿಗೆ 1960ನೆಯ ಇಸವಿಯ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮವೇ ಆಧಾರ. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ, ಆಡಳಿತ ಮಂಡಲಿಯವರ ಪಟ್ಟಿ, ತನಿಖೆಯಾದ ಲೆಕ್ಕ, ಇವು ದಯದ ಕಾರ್ಯಗಳಲ್ಲ, ಕಾನೂನಿನ ಕಟ್ಟಳೆಗಳು. ಇವನ್ನು ಅಲಕ್ಷಿಸಿದ ಸಂಘದ ಮೇಲೆ ವಿಚಾರಣೆ ನಡೆಯಬಹುದು. ಆಡಳಿತಾಧಿಕಾರಿ ಬಂದು ಕೂರಲೂಬಹುದು. ಪರರಿಗೆ ಕಾನೂನು ಹೇಳುವವರು ತಮ್ಮ ಮನೆಯಲ್ಲಿಯೇ ಅದನ್ನು ಮರೆತರೆ ಕೇಳುವವರಾರು? ಸನದು ಕೊಡುವುದೂ ಶಿಸ್ತಿನ ಕ್ರಮವನ್ನು ಜರುಗಿಸುವುದೂ 1961ರ ವಕೀಲರ ಅಧಿನಿಯಮದಂತೆ ವಕೀಲರ ಪರಿಷತ್ತಿನ ಕೆಲಸ. ಸಂಘವು ನಾವಾಗಿ ಕೂಡಿಕೊಂಡುದು. ಈ ಭೇದವನ್ನರಿಯದವನು ತನಗಿಲ್ಲದ ಅಧಿಕಾರವನ್ನು ಚಲಾಯಿಸುವನು. ತನಗಿರುವ ಕರ್ತವ್ಯವನ್ನು ಬಿಡುವನು.

ಮೂರನೆಯದು ಪಟ್ಟಿ ಮತ್ತು ಲೆಕ್ಕ. ಇದನ್ನು ಕುರಿತು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂದು ಸಣ್ಣ ವೃತ್ತಿಸಂಘದಲ್ಲಿ ನಾನು ಜೊತೆಕಾರ್ಯದರ್ಶಿಯಾಗಿದ್ದೆನು. ವಾರ್ಷಿಕೋತ್ಸವದ ಹಾರತುರಾಯಿಗಳ ಗಡಿಬಿಡಿಯಲ್ಲಿ ಚಂದಾ ಬಾಕಿಯ ಪುಸ್ತಕವನ್ನು ತಿಂಗಳುಗಟ್ಟಲೆ ತೆರೆಯಲಿಲ್ಲ. ಹಿರಿಯ ಸದಸ್ಯರೊಬ್ಬರು ಕಾಯಿಲೆಯಿಂದ ಮಲಗಿ ಎರಡು ವರ್ಷದ ಚಂದಾ ಕಟ್ಟಿರಲಿಲ್ಲ. ನಿಯಮದಂತೆ ಅವರ ಹೆಸರು ಪಟ್ಟಿಯಿಂದ ಬಿದ್ದುಹೋಗಿತ್ತು. ನಾನೊಂದು ಕಾಗದ ಬರೆದಿದ್ದರೆ, ಒಂದು ಸಂಜೆ ಅವರ ಮನೆಯ ಬಾಗಿಲಿಗೆ ಹೋಗಿದ್ದರೆ ಸಾಕಾಗಿತ್ತು. ಅವರು ತೀರಿಕೊಂಡ ಮೇಲೆ ಅವರ ಪತ್ನಿಯವರು ಸಂಘದ ಸಹಾಯನಿಧಿಗಾಗಿ ಬಂದರು. ನಿಯಮಾವಳಿಯನ್ನು ತೆರೆದು, ಕೊಡಲು ಬರುವುದಿಲ್ಲವೆಂದು ಹೇಳಿದವನು ನಾನೇ. ಆ ತಾಯಿ ಒಂದು ಮಾತನ್ನೂ ಆಡದೆ ಕಾಗದಗಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟುಹೋದರು. ಮಿತ್ರರು ಕೆಲವರು ಸೇರಿ ಕೈಯಿಂದ ಹಣ ಕೂಡಿಸಿ ಕಳುಹಿಸಿದೆವು. ಅದು ದಾನವಾಯಿತೇ ಹೊರತು ಅವರ ಹಕ್ಕಾಗಲಿಲ್ಲ. ವಕೀಲರ ಕುಟುಂಬಗಳಿಗಾಗಿ ನಮ್ಮ ನಾಡಿನಲ್ಲಿ 1983ರ ಕ್ಷೇಮನಿಧಿಯ ಶಾಸನವೇ ಇದೆ. ಆದರೆ ಹೆಸರನ್ನು ಬರೆದಿಡುವ ಕೈ ಸೋಮಾರಿಯಾದರೆ ಯಾವ ಶಾಸನ ತಾನೇ ಏನು ಮಾಡೀತು?

ಈ ವಿಷಯದಲ್ಲಿ ನಮಗೆ ಗುರು ಬೇಕಾದರೆ ದೂರ ಹುಡುಕಬೇಕಾಗಿಲ್ಲ; ಆತನೂ ವಕೀಲನೇ. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸು ಹುಟ್ಟಿದಾಗ ಗಾಂಧಿಯವರಿಗೆ ಇಪ್ಪತ್ತನಾಲ್ಕು ವರ್ಷ. ಅವರು ವಹಿಸಿದುದು ಅಧ್ಯಕ್ಷಪೀಠವನ್ನಲ್ಲ, ಕಾರ್ಯದರ್ಶಿಯ ದುಡಿಮೆಯನ್ನು. ತಿಂಗಳಿಗೆ ಕನಿಷ್ಠ ಐದು ಷಿಲ್ಲಿಂಗು ಚಂದಾ ಎಂದು ಗೊತ್ತುಮಾಡಿದರು. ತಿಂಗಳು ತಿಂಗಳೂ ವಸೂಲಿಗೆ ಅಲೆಯುವುದು ಸಾಗದೆಂದು ಕಂಡಾಗ ವರ್ಷದ ಚಂದಾವನ್ನೇ ಒಟ್ಟಿಗೆ ಪಡೆಯುವ ಏರ್ಪಾಡು ಮಾಡಿದರು. ಟೊಂಗಾಟ್ ಎಂಬ ಊರಿನಲ್ಲಿ ಗೃಹಸ್ಥನೊಬ್ಬನು ಆರು ಪೌಂಡಿಗೆ ಬದಲಾಗಿ ಮೂರನ್ನೇ ಕೊಡುವೆನೆಂದಾಗ ಗಾಂಧಿಯವರೂ ಸಂಗಡಿಗರೂ ಊಟವನ್ನೊಲ್ಲದೆ ರಾತ್ರಿಯಿಡೀ ಅಲ್ಲಿಯೇ ಕುಳಿತರು. ಬೆಳಗಾಗುವಾಗ ಆತನು ಆರನ್ನೂ ಕೊಟ್ಟು ಊಟಕ್ಕೆಬ್ಬಿಸಿದನು. ಎಷ್ಟು ಸಣ್ಣ ಮೊತ್ತಕ್ಕಾದರೂ ರಸೀದಿ ಕೊಡುತ್ತಿದ್ದರು, ಕಾಸುಕಾಸಿಗೂ ಲೆಕ್ಕವಿಡುತ್ತಿದ್ದರು. ಮುಂದೆ ಇದೇ ಗಾಂಧಿಯವರು 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ರಸೀದಿಪುಸ್ತಕಕ್ಕೂ ಪೀಠಕ್ಕೂ ನಡುವೆ ಮೂವತ್ತು ವರ್ಷಗಳ ದುಡಿಮೆಯಿತ್ತೆಂಬುದನ್ನು ನಾವು ಮರೆಯಬಾರದು.

ನಾಲ್ಕನೆಯದು, ತನ್ನವರಿಗೇ ‘ಆಗದು’ ಎನ್ನುವ ಧೈರ್ಯ. ಸಣ್ಣದೊಂದು ಜಗಳವಾದೊಡನೆ ಕಲಾಪವನ್ನು ಬಹಿಷ್ಕರಿಸಬೇಕೆಂಬ ಕೂಗು ಏಳುತ್ತದೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿಯೇ ಹರೀಶ್ ಉಪ್ಪಲ್ ಅವರ ಪ್ರಕರಣದಲ್ಲಿ ತೀರ್ಪಿತ್ತಿದೆ. ಮುಷ್ಕರಕ್ಕೆ ಸೇರದ ವಕೀಲನನ್ನು ಬೆದರಿಸಬಾರದು, ಸಂಘದಿಂದ ಹೊರಹಾಕಬಾರದು ಎಂದೂ ಹೇಳಿದೆ. ಅಂದು ಬಾಗಿಲು ಮುಚ್ಚಿದರೆ ನಷ್ಟವು ನ್ಯಾಯಾಧೀಶರಿಗಲ್ಲ. ಜಾಮೀನಿಗಾಗಿ ಕಾದಿರುವ ಬಡವನಿಗೆ. ಕೂಗುವ ಸಭೆಯ ನಡುವೆ ಎದ್ದು ನಿಂತು ಈ ಮಾತನ್ನು ಹೇಳಲಾರದವನು ನಾಯಕನಲ್ಲ, ಗುಂಪಿನ ಹಿಂಬಾಲಕನು.

ಕೊನೆಯದಾಗಿ, ಪೀಠವನ್ನು ಇತರರೊಡನೆ ಹಂಚಿಕೊಳ್ಳುವ ಮನಸ್ಸು. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿಯ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡಬೇಕೆಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. ಆಜ್ಞೆಗೆ ನಾವು ಸಂತೋಷಪಡೋಣ. ಆದರೆ ಅದು ಹೊರಗಿನಿಂದ ಬರಬೇಕಾಯಿತಲ್ಲಾ ಎಂದು ನಾಚೋಣ. ನಾವಾಗಿಯೇ ತೆರೆಯಬೇಕಾಗಿದ್ದ ಬಾಗಿಲದು. ಒಳ್ಳೆಯ ನಾಯಕನು ಅಧಿಕಾರಕ್ಕೆ ಬಂದ ದಿನವೇ ತನ್ನ ಸ್ಥಾನಕ್ಕೆ ಬರತಕ್ಕವರನ್ನು ತರಬೇತು ಮಾಡಲು ತೊಡಗುತ್ತಾನೆ.

ಮಿತ್ರರೇ, ವಕೀಲರನ್ನು ಕುರಿತು ಹೇಳಿದ ಈ ಮಾತು ಉಪಾಧ್ಯಾಯರ ಸಂಘಕ್ಕೂ ವೈದ್ಯರ ಸಂಘಕ್ಕೂ ಸಲ್ಲುವುದು. ಗದ್ದುಗೆಯ ಆಸೆ ತಪ್ಪಲ್ಲ. ಸಿದ್ಧತೆಯಿಲ್ಲದ ಆಸೆ ತಪ್ಪು. ತಮ್ಮಲ್ಲಿ ಯಾರಿಗಾದರೂ ಆ ಆಸೆಯಿದ್ದರೆ ನಾಳೆಯೇ ಸಂಘದ ಕಚೇರಿಗೆ ಹೋಗಿ, ಹಾರವನ್ನಲ್ಲ, ಚಂದಾ ಬಾಕಿಯ ಪುಸ್ತಕವನ್ನು ಕೇಳಿರಿ. ಅದರಲ್ಲಿ ಯಾರ ಹೆಸರು ಬಿದ್ದುಹೋಗುವುದರಲ್ಲಿದೆಯೋ ನೋಡಿ, ಆ ಸಂಜೆಯೇ ಅವರ ಮನೆಗೆ ಹೋಗಿಬನ್ನಿರಿ. ನಾನು ಹೋಗದೆಹೋದ ಆ ಮನೆಯ ಋಣವನ್ನು ತಾವಾದರೂ ತೀರಿಸಿರೆಂದು ಬೇಡುತ್ತೇನೆ.