ಯೂಮಾಕ್ಕೆ ಹೋಗುವ ರೈಲು

ಪಂಪನನ್ನೂ ಕುಮಾರವ್ಯಾಸನನ್ನೂ ಮೂವತ್ತು ವರ್ಷ ಪಾಠ ಹೇಳಿದವನು ಕುದುರೆ, ಬಂದೂಕು, ಧೂಳುಗಳ ಅಮೆರಿಕನ್ ಚಿತ್ರವೊಂದರ ಬಗೆಗೆ ಮಾತನಾಡಲು ಕುಳಿತರೆ ಕೆಲವು ಕೇಳುಗರಿಗೆ ನಗು ಬಂದೀತು. ಬರಲಿ. 'ವೆಸ್ಟರ್ನ್' ಎಂದು ಹೆಸರಾದ ಆ ಬಗೆಯ ಚಿತ್ರಗಳಲ್ಲಿ ಒಂದು ನಾಲ್ಕು ದಶಕಗಳಿಂದ ನನ್ನನ್ನು ಬಿಟ್ಟಿಲ್ಲ. ಡೆಲ್ಮರ್ ಡೇವ್ಸ್ 1957ರಲ್ಲಿ ನಿರ್ದೇಶಿಸಿದ 'ತ್ರೀ ಟೆನ್ ಟು ಯೂಮಾ' ಅದು. ಎಲ್ಮೋರ್ ಲೆನಾರ್ಡನ ಸಣ್ಣಕತೆಯನ್ನು ಆಧರಿಸಿದ ಕಪ್ಪು-ಬಿಳುಪಿನ ಚಿತ್ರ. ಐವತ್ತು ವರ್ಷಗಳ ತರುವಾಯ, 2007ರಲ್ಲಿ, ಜೇಮ್ಸ್ ಮ್ಯಾಂಗೋಲ್ಡ್ ಅದನ್ನೇ ಮತ್ತೊಮ್ಮೆ ತೆಗೆದರು.

ಕತೆ ಸರಳವಾದುದು. ಅರಿಜೋನಾದಲ್ಲಿ ಬರ. ಡ್ಯಾನ್ ಇವಾನ್ಸ್ ಎಂಬ ಬಡ ರೈತನ ದನಗಳು ನೀರಿಲ್ಲದೆ ಸಾಯುತ್ತಿವೆ. 200 ಡಾಲರು ದೊರೆತರೆ ನೀರಿನ ಹಕ್ಕನ್ನು ಕೊಳ್ಳಬಹುದು. ಅಷ್ಟು ಹಣಕ್ಕಾಗಿ ಅವನು ಬೆನ್ ವೇಡ್ ಎಂಬ ದರೋಡೆಗಾರರ ನಾಯಕನನ್ನು ಯೂಮಾದ ಸೆರೆಮನೆಗೆ ಹೋಗುವ ಮೂರು ಹತ್ತರ ರೈಲಿಗೆ ಹತ್ತಿಸಲು ಒಪ್ಪುತ್ತಾನೆ. ರೈಲು ಬರುವ ತನಕ ಹೋಟೆಲಿನ ಕೋಣೆಯೊಂದರಲ್ಲಿ ಇಬ್ಬರೂ ಕಾಯಬೇಕು. ಹೊರಗೆ ವೇಡನ ಬಂಟರು ಸೇರುತ್ತಿದ್ದಾರೆ. ಒಳಗೆ ವೇಡನಾದ ಗ್ಲೆನ್ ಫೋರ್ಡ್ ಮೆಲುದನಿಯಲ್ಲಿ ಆಮಿಷ ಒಡ್ಡುತ್ತಾನೆ. ಹಣದ ಮೊತ್ತ ಏರುತ್ತ ಹೋಗುತ್ತದೆ. ಇವಾನ್ಸನಾದ ವ್ಯಾನ್ ಹೆಫ್ಲಿನ್ ಬೆವರುತ್ತಾನೆ. ಕೊನೆಗೆ ಕೂಲಿ ಕೊಡುವವನೇ 'ಬಿಟ್ಟುಬಿಡು, ನಿನ್ನ ಹಣ ನಿನಗೆ' ಎಂದಾಗಲೂ ಅವನು ಬಿಡುವುದಿಲ್ಲ. ಹಣಕ್ಕಾಗಿ ಹೊರಟವನು ಈಗ ಏತಕ್ಕಾಗಿ ನಡೆಯುತ್ತಿದ್ದಾನೆ? ಚಿತ್ರವೆಲ್ಲ ಈ ಪ್ರಶ್ನೆಯಲ್ಲಿದೆ.

1980ರ ಸುಮಾರಿಗೆ, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಫಿಲಂ ಸೊಸೈಟಿಯೊಂದರ ಪ್ರದರ್ಶನದಲ್ಲಿ ಇದನ್ನು ನೋಡಿದೆ. ನಾನು ಚಳ್ಳಕೆರೆಯ ಕಡೆಯವನು. ಕಟ್ಟಕಡೆಗೆ ವೇಡ್ ತಾನಾಗಿಯೇ ರೈಲಿಗೆ ಜಿಗಿಯುತ್ತಾನೆ, ಇವಾನ್ಸ್ ಬದುಕಿ ಉಳಿಯುತ್ತಾನೆ, ಆ ಗಳಿಗೆಯಲ್ಲಿ ಮಳೆ ಸುರಿಯುತ್ತದೆ. ದಾರಿಯ ಬದಿಯಲ್ಲಿ ನಿಂತ ಹೆಂಡತಿ ಅದರಲ್ಲಿ ತೊಯ್ಯುತ್ತಾಳೆ. ಕತ್ತಲಲ್ಲಿ ಕುಳಿತು ನಾನು ಅತ್ತುಬಿಟ್ಟೆ. ಆ ವರ್ಷ ನಮ್ಮ ಹೊಲಕ್ಕೆ ಮಳೆಯಾಗಿರಲಿಲ್ಲ.

ಹೀಗಿರುವಾಗ ಅದನ್ನು ಮತ್ತೆ ತೆಗೆದಿದ್ದಾರೆಂದು ಕೇಳಿ ಅಸಮಾಧಾನವಾಯಿತು. ಹಾಗೆಂದು ಪುನರ್ನಿರ್ಮಾಣವೇ ಅಪರಾಧವೆನ್ನಲು ಕನ್ನಡದ ಮೇಷ್ಟ್ರಿಗೆ ಬಾಯಿಯಿಲ್ಲ. ವ್ಯಾಸರ ಕತೆಯನ್ನು ಕೈಗೆತ್ತಿಕೊಂಡ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಲಿಲ್ಲವೆ? ಕೇಳಬೇಕಾದುದು, ಹೊಸಬನಿಗೆ ಹೇಳಲು ತನ್ನದೇನಾದರೂ ಇದೆಯೇ ಎಂದು.

2008ರಲ್ಲಿ ಮಗ ಹೊಸ ಚಿತ್ರದ ಡಿವಿಡಿ ತಂದ. ಮ್ಯಾಂಗೋಲ್ಡ್ ಹೋಟೆಲಿಗೆ ಮುಂಚಿನ ಪಯಣವನ್ನು ಬಹಳ ಹಿಗ್ಗಿಸಿದ್ದಾರೆ: ಅಪಾಚೆಗಳ ದಾಳಿ, ರೈಲುದಾರಿ ಹಾಕುವ ಚೀನೀ ಕೂಲಿಗಳ ಬೀಡು, ಗುಂಡು, ಮತ್ತೆ ಗುಂಡು. ಆ ಕೋಣೆಯ ಬಿಗಿ ಇಲ್ಲಿ ಸಡಿಲವಾಗಿದೆ. ಕೊನೆಗೆ ವೇಡ್ ತನ್ನ ಬಂಟರನ್ನೇ ಕೊಂದುಹಾಕುವುದು ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ರಸೆಲ್ ಕ್ರೋವ್ ಸೊಗಸಾಗಿ ಅಭಿನಯಿಸಿದ್ದಾರೆ, ಅದು ಬೇರೆ ಮಾತು.

ಮಳೆಯೂ ಇಲ್ಲ. ಡ್ಯಾನ್ ಗುಂಡೇಟಿಗೆ ಸಾಯುತ್ತಾನೆ. "ಇದೇನು ಮುಕ್ತಾಯ!" ಎಂದೆ.

"ಒಬ್ಬ ಮನುಷ್ಯ ಮಾತು ಉಳಿಸಿಕೊಂಡನೆಂದು ಮಳೆ ಬರುತ್ತದೆಯೇ ಅಪ್ಪ?" ಎಂದ ಮಗ. "ನಿಮ್ಮ ಹಳೆಯ ಚಿತ್ರ ಅಲ್ಲಿ ಮೋಸ ಮಾಡಿತು."

ಉತ್ತರ ಹೊಳೆಯಲಿಲ್ಲ. ಕ್ರಿಶ್ಚಿಯನ್ ಬೇಲ್ ವಹಿಸಿರುವ ಈ ಡ್ಯಾನ್ ಅಂತರ್ಯುದ್ಧದಲ್ಲಿ ಕಾಲು ಕಳೆದುಕೊಂಡವನು. ಅಪ್ಪನನ್ನು ಹೇಡಿಯೆಂದು ಬಗೆದ ಹಿರಿಯ ಮಗ ವಿಲಿಯಂ ಹಿಂದೆಯೇ ಬಂದು ಎಲ್ಲವನ್ನೂ ನೋಡುತ್ತಾನೆ. ಕಾಲು ಹೋದದ್ದು ವೈರಿಯ ಗುಂಡಿನಿಂದಲ್ಲ, ಹಿಂದೆ ಸರಿಯುವಾಗ ತನ್ನ ಕಡೆಯವನದೇ ಗುಂಡು ತಗುಲಿ. ಇದನ್ನು ಮಗನಿಗೆ ಹೇಗೆ ಹೇಳಲಿ ಎಂದು ಡ್ಯಾನ್ ವೇಡನ ಮುಂದೆ ಒಪ್ಪಿಕೊಳ್ಳುತ್ತಾನೆ. ಹಳೆಯ ಚಿತ್ರದಲ್ಲಿ ಆಕಾಶವು ಕಂಡುದನ್ನು ಇಲ್ಲಿ ಹುಡುಗನೊಬ್ಬ ಕಾಣುತ್ತಾನೆ.

ಆಗ ನೆನಪಾಯಿತು. ನಾನು ಆ ಹಳೆಯ ಚಿತ್ರ ನೋಡುವುದಕ್ಕೆ ಕೆಲವು ತಿಂಗಳ ಮುಂಚೆ, ಮೇವಿಲ್ಲದೆ ನಮ್ಮಪ್ಪ ಒಂದು ಜೊತೆ ಎತ್ತು ಮಾರಲು ದನದ ಸಂತೆಗೆ ಹೋದರು. ನಾನೂ ಜೊತೆಗಿದ್ದೆ. ಒಂದರ ಮುಂಗಾಲಿಗೆ ಊತವಿತ್ತು. ಸುಮ್ಮನಿರುವಂತೆ ದಲ್ಲಾಳಿ ಕಣ್ಣುಸನ್ನೆ ಮಾಡುತ್ತಿದ್ದರೂ, ಕೊಳ್ಳುವವನಿಗೆ ಅಪ್ಪ ತಾವಾಗಿ ಅದನ್ನು ತೋರಿಸಿದರು. ಬೆಲೆ ಬಿತ್ತು. ಮನೆಯ ತನಕ ನಾನು ಅವರೊಡನೆ ಮಾತಾಡಲಿಲ್ಲ. ಮಳೆಯೂ ಬರಲಿಲ್ಲ.

ಈ ಸಂಗತಿಯನ್ನು ಮಗನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆ. ಅವನು ಏನೂ ಅನ್ನದೆ ಚಿತ್ರವನ್ನು ಹಿಂದಕ್ಕೆ ತಿರುಗಿಸಿ, ಡ್ಯಾನ್ ತನ್ನ ಕಾಲಿನ ಮಾತನ್ನು ಹೇಳುವ ಘಟ್ಟವನ್ನು ಇನ್ನೊಮ್ಮೆ ಹಾಕಿದ.