ಬೆಕ್ಕು ತಿಂದದ್ದನ್ನು ಕಕ್ಕಿದರೆ



ಕಣಜವಿರುವ ಮನೆಗೆ ಬೆಕ್ಕು ಸಂಬಳವಿಲ್ಲದ ಕಾವಲುಗಾರ. ಅದು ತಿಂದದ್ದನ್ನು ಕಕ್ಕಿದಾಗ ‘ಬೆಕ್ಕಿನ ಜಾತಿಯೇ ಹಾಗೆ’ ಎಂದು ಸುಮ್ಮನಾಗುವುದು ವಾಡಿಕೆ. ಅನೇಕ ವೇಳೆ ಈ ಮಾತು ನಿಜವೂ ಹೌದು. ಆದರೆ ಇಲಿ ಪಾಷಾಣ ಇಟ್ಟಿರುವ ದಿನಗಳಲ್ಲಿ ಇದೇ ವಾಂತಿ ಪ್ರಾಣಾಪಾಯದ ಮೊದಲ ಸೂಚನೆಯಾಗಬಹುದು.

ತಿಂದ ಸ್ವಲ್ಪ ಹೊತ್ತಿನಲ್ಲೇ ಆಹಾರ ಹಾಗೆಯೇ ಹೊರಬಂದು, ಬೆಕ್ಕು ಎಂದಿನಂತೆ ಓಡಾಡುತ್ತಿದ್ದರೆ ಸಾಮಾನ್ಯವಾಗಿ ಅವಸರದ ಊಟವೇ ಕಾರಣ. ಎರಡು ಮೂರು ಬೆಕ್ಕುಗಳಿದ್ದರೆ ಬೇರೆ ಬೇರೆ ತಟ್ಟೆಗಳಲ್ಲಿ, ದಿನಕ್ಕೆ 3-4 ಸಲ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಬೇಕು. ಮೈ ನೆಕ್ಕುವಾಗ ನುಂಗಿದ ಕೂದಲು ಉಂಡೆಯಾಗಿ ಹೊರಬೀಳುವುದೂ ಉಂಟು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಒಗ್ಗದು. ಮರಿಗಳಲ್ಲಿ ದುಂಡುಹುಳುವಿನ ಬಾಧೆಯಿಂದಲೂ ವಾಂತಿಯಾಗುತ್ತದೆ. ಪದೇ ಪದೇ ವಾಂತಿಯಾದರೆ, ರಕ್ತ ಕಂಡರೆ ಅಥವಾ ಬೆಕ್ಕು ಒಂದು ದಿನ ಆಹಾರ ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಇನ್ನು ವಿಷದ ಮಾತು. ಇಲಿಗಳಿಗೆ ಇಡುವ ಜಿಂಕ್ ಫಾಸ್ಫೈಡ್ ಬೂದುಗಪ್ಪು ಬಣ್ಣದ ಪುಡಿ. ಹೊಟ್ಟೆಯ ಆಮ್ಲದೊಡನೆ ಬೆರೆತಾಗ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ವಿಷಾಹಾರವನ್ನಾಗಲಿ, ಅದನ್ನು ತಿಂದ ಇಲಿಯನ್ನಾಗಲಿ ಬೆಕ್ಕು ತಿಂದರೆ ಸಾಮಾನ್ಯವಾಗಿ 15 ನಿಮಿಷದಿಂದ 4 ಗಂಟೆಯೊಳಗೆ ವಾಂತಿ, ಏದುಸಿರು, ನಡುಕ ಕಾಣಿಸಿಕೊಳ್ಳುತ್ತವೆ. ವಾಂತಿಗೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಇರಬಹುದು. ವಾಸನೆ ಇಲ್ಲವೆಂದು ಧೈರ್ಯ ತಾಳಬಾರದು. ಬಗ್ಗಿ ಮೂಸಿ ನೋಡಲೂ ಬಾರದು. ಈ ಅನಿಲ ಮನುಷ್ಯರಿಗೂ ಅಪಾಯಕರ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ಬಾಗಿಲು ತೆರೆದಿಡಬೇಕು.

ಇಂಥ ಬೆಕ್ಕಿಗೆ ಅನ್ನ, ಹಾಲು ಕೊಡಬಾರದು. ಆಹಾರ ಬಿದ್ದೊಡನೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಅನಿಲವೂ ಹೆಚ್ಚುತ್ತದೆ. ಉಪ್ಪುನೀರು ಕುಡಿಸುವುದೂ ತಪ್ಪು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ಮತ್ತೊಂದು ವಿಷವೇ ಸರಿ. ಈ ಪಾಷಾಣಕ್ಕೆ ಪ್ರತಿವಿಷವಿಲ್ಲ. ಆದುದರಿಂದ ತಡಮಾಡದೆ, ವಿಷದ ಪೊಟ್ಟಣದೊಡನೆ ಪಶು ಆಸ್ಪತ್ರೆಗೆ ಒಯ್ಯಬೇಕು. ಗಾಡಿಯ ಕಿಟಕಿ ತೆರೆದಿರಲಿ. ಬ್ರೊಮಾಡಿಯೊಲೋನ್ ಎಂಬ ಇನ್ನೊಂದು ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ, ಕೆಲವು ದಿನಗಳ ನಂತರ ಬಾಧಿಸುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದಿದೆ. ಪೊಟ್ಟಣ ಬೇಕೆನ್ನುವುದು ಇದಕ್ಕಾಗಿಯೇ.

ವಿಷಾಹಾರವನ್ನು ಬೆಕ್ಕು, ನಾಯಿ, ಕೋಳಿಗಳಿಗೆ ಎಟುಕದಂತೆ ಬಿಲದೊಳಗೆ ಇಡಿ. ಆ ದಿನಗಳಲ್ಲಿ ಬೆಕ್ಕನ್ನು ಹೊಟ್ಟೆ ತುಂಬಿಸಿ ಒಳಗೆ ಕೂಡಿಹಾಕಿ. ಬೆಳಿಗ್ಗೆ ಉಳಿದ ವಿಷಾಹಾರವನ್ನೂ ಸತ್ತ ಇಲಿಗಳನ್ನೂ ಕೈಚೀಲ ತೊಟ್ಟು ಆರಿಸಿ ಆಳವಾಗಿ ಹೂಳಿ. ಪಾಷಾಣದ ಕೆಲಸ ನಾಲ್ಕು ದಿನದ್ದು, ಬೆಕ್ಕಿನದು ವರ್ಷವಿಡೀ. ನಾಲ್ಕು ದಿನದ ಕೆಲಸಕ್ಕೆ ವರ್ಷದ ಕಾವಲನ್ನು ಕಳೆದುಕೊಳ್ಳುವುದು ಲಾಭದ ಬೇಸಾಯವಲ್ಲ.